ಊಟ ಬಿಟ್ಟ ಇರುವೆ ಸಂಸಾರ: ಒಂದು ಪ್ರಕರಣ

ಗೂಡಿನಲ್ಲಿ ಇದ್ದದ್ದು ಒಂದು ರಾಣಿ, 11 ಕೆಲಸಗಾರ ಇರುವೆಗಳು, 4 ಪ್ಯೂಪಾ, ಅಂದರೆ ಮರಿಹುಳು ಇರುವೆಯಾಗುವ ಮುನ್ನ ಕೋಶದೊಳಗಿರುವ ಹಂತ. ಮೊಟ್ಟೆ ಇರಲಿಲ್ಲ, ಮರಿಹುಳು ಒಂದೂ ಇರಲಿಲ್ಲ. ಜಾತಿ ಕ್ಯಾಂಪೊನೋಟಸ್ ನಿಕೋಬರೆನ್ಸಿಸ್, ಅಂದರೆ ಗೊದ್ದದ ಕುಲ. ಇರುವೆ ಸಾಕುವವರಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ. ಬೇಗ ಬೆಳೆಯುತ್ತದೆ, ಜಾಸ್ತಿ ರಗಳೆ ಮಾಡುವುದಿಲ್ಲ, ಹೊಸಬರ ಕೈಗೂ ಒಗ್ಗುತ್ತದೆ. ಅಂಥ ಸಂಸಾರ ವಾರಗಟ್ಟಲೆ ಊಟ ಮುಟ್ಟಿಲ್ಲ ಅಂತ ಅದರ ಯಜಮಾನ ನನಗೆ ಫೋಟೊ ಕಳಿಸಿದ್ದ.

ಯಜಮಾನ ಅಂದರೆ ಕಾಲೇಜು ಓದುವ ಹುಡುಗ. ಇರುವೆ ಸಾಕುತ್ತಿರುವುದು ಇದೇ ಮೊದಲು. "ಅಣ್ಣಾ, ಏನು ಇಟ್ರೂ ತಿನ್ನಲ್ಲ. ಬರ್ತವೆ, ಮೀಸೆ ಆಡಿಸಿ ನೋಡ್ತವೆ, ವಾಪಸ್ ಹೋಗ್ತವೆ" ಅಂದ. ಏನೇನು ಇಟ್ಟೆ ಅಂತ ಕೇಳಿದೆ. ಪಟ್ಟಿ ಉದ್ದ ಇತ್ತು. ಗಟ್ಟಿ ಜೇನುತುಪ್ಪ, ಸೇಬಿನ ಚೂರು, ಬೇಯಿಸಿದ ಮೊಟ್ಟೆಯ ಹಳದಿ, ಇಡೀ ಮೀಲ್‌ವರ್ಮ್ (ಸಾಕುಪ್ರಾಣಿಗಳಿಗೆ ಹಾಕುವ ಒಂದು ಜೀರುಂಡೆಯ ಮರಿಹುಳು), ಒಂದು ಸಲ ಕಿಟಕಿ ಬುಡದಲ್ಲಿ ಸತ್ತು ಬಿದ್ದಿದ್ದ ಪತಂಗ. ಒಂದನ್ನು ಮುಟ್ಟಲಿಲ್ಲ ಅಂದರೆ ಮರುದಿನ ಇನ್ನೊಂದು. ಪಾಪ, ಅವನ ಪ್ರಯತ್ನದಲ್ಲಿ ಕೊರತೆ ಇರಲಿಲ್ಲ. ಊಟ ಬದಲಾಯಿಸಲು ದಿನಕ್ಕೆ ಹಲವು ಸಲ ಮುಚ್ಚಳ ತೆಗೆಯುತ್ತಿದ್ದ.

ಇಂಥ ದೂರು ಬಂದಾಗ ಎಲ್ಲರೂ ಊಟದ ಬಗ್ಗೆಯೇ ಮಾತು ಶುರು ಮಾಡುತ್ತಾರೆ. ಯಾವ ಹುಳು ಕೊಡಬೇಕು, ಯಾವ ಜೇನು ಒಳ್ಳೆಯದು ಅಂತ. ನಾನಂತೂ ತಟ್ಟೆಯ ವಿಚಾರವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಬಿಸಿ, ನೀರು, ಕತ್ತಲೆ, ಊಟ ಬೇಡುವ ಮರಿಗಳು, ಇಷ್ಟು ಸರಿ ಇದ್ದರೆ ಇರುವೆಗಳು ಅಷ್ಟು ಸುಲಭಕ್ಕೆ ಊಟ ಬಿಡುವುದಿಲ್ಲ.

ನಿಜಕ್ಕೂ ಹಸಿದಿವೆಯಾ?

ಇದನ್ನು ಮೊದಲು ತಿಳಿಯಬೇಕು. ತಿಳಿಯುವುದು ಕಷ್ಟವೇನಲ್ಲ. ಇರುವೆಯ ಹೊಟ್ಟೆಯೊಳಗೆ ಎರಡು ಭಾಗ. ಹಿಂದಿನದು ಅದರ ಸ್ವಂತದ್ದು. ಮುಂದಿರುವ ಚೀಲ ಇಡೀ ಸಂಸಾರದ್ದು. ಹೊರಗೆ ಹೋದ ಇರುವೆ ಸಿಹಿಯನ್ನು ಆ ಚೀಲದಲ್ಲಿ ತುಂಬಿಕೊಂಡು ಬಂದು ಒಳಗಿದ್ದವಕ್ಕೆ ಬಾಯಿಂದ ಬಾಯಿಗೆ ಹಂಚುತ್ತದೆ. ಟ್ರೊಫಲಾಕ್ಸಿಸ್ ಅಂತ ಇದಕ್ಕೆ 1918ರಲ್ಲಿ ಹೆಸರಿಟ್ಟವರು ಅಮೆರಿಕದ ಇರುವೆ ತಜ್ಞ ವಿಲಿಯಂ ಮಾರ್ಟನ್ ವೀಲರ್. ಚೀಲ ತುಂಬಿದಾಗ ಹೊಟ್ಟೆ ಉಬ್ಬುತ್ತದೆ. ಮೇಲಿನ ಗಟ್ಟಿ ಪಟ್ಟಿಗಳು ದೂರ ಸರಿದು, ನಡುವಿನ ತೆಳು ಚರ್ಮ ಬೆಳ್ಳನೆಯ ಗೆರೆಗಳಾಗಿ ಕಾಣುತ್ತದೆ. ಖಾಲಿಯಾದಾಗ ಪಟ್ಟಿಗಳು ಒಂದರ ಕೆಳಗೊಂದು ಸೇರಿಕೊಂಡು ಹೊಟ್ಟೆ ಕುಗ್ಗುತ್ತದೆ.

ಹೊಟ್ಟೆ ತುಂಬಿದ್ದರೆ ಚಿಂತೆ ಬೇಡ. ತುಂಬಿದ ಸಂಸಾರ ಬಹಳ ದಿನ ಹೊರಗೆ ತಲೆ ಹಾಕದೆ ಇದ್ದುಬಿಡುತ್ತದೆ. ಇರುವೆ ತಿನ್ನುತ್ತಿಲ್ಲ ಎಂಬ ಎಷ್ಟೋ ದೂರುಗಳು ಫೋಟೊ ನೋಡಿದ ಕೂಡಲೇ ಮುಗಿಯುತ್ತವೆ. ಇಲ್ಲಿ ಹಾಗೆ ಮುಗಿಯಲಿಲ್ಲ. ಎರಡು ಇರುವೆಗಳನ್ನು ಬಿಟ್ಟರೆ ಉಳಿದ ಎಲ್ಲವುಗಳ ಹೊಟ್ಟೆ ಸಣ್ಣಗಾಗಿತ್ತು. ಗೆರೆಗಳೇ ಇರಲಿಲ್ಲ. ರಾಣಿ ಸೊರಗಿದ್ದಳು, ಆದರೆ ಕಾಲು ಎಳೆಯುತ್ತಿರಲಿಲ್ಲ.

ಮೂಲೆಯಲ್ಲಿ ಮೂರು ಹೆಣ ಇದ್ದವು. ಒಂದು ಜೇನಿನಲ್ಲಿ ಅಂಟಿಕೊಂಡು ಸತ್ತದ್ದು. ಹುಡುಗನಿಗೆ ವಿಷದ ಅನುಮಾನ. ಹೊರಗಿನ ಪತಂಗ ಕೊಟ್ಟಿದ್ದನಲ್ಲ, ಅನುಮಾನ ಸಹಜ. ಕೀಟನಾಶಕ ತಗುಲಿದ ಹುಳು ತಿಂದು ಇಡೀ ಗೂಡು ಹೋಗುವುದುಂಟು. ಆದರೆ ಹಾಗೆ ಆದಾಗ ಸಾವು ಗುಂಪಾಗಿ ಬರುತ್ತದೆ. ಇರುವೆಗಳು ನಡುಗುತ್ತವೆ, ಮಗುಚಿ ಬೀಳುತ್ತವೆ, ಕಾಲು ಒದರುತ್ತವೆ. ಇಲ್ಲಿ ಸಾವುಗಳ ನಡುವೆ ದಿನಗಳ ಅಂತರ ಇತ್ತು. ಬದುಕಿದ್ದವು ನೆಟ್ಟಗೆ ನಡೆಯುತ್ತಿದ್ದವು. ಅದೂ ಅಲ್ಲದೆ ಆ ಪತಂಗವನ್ನು ಅವು ತಿಂದೇ ಇರಲಿಲ್ಲ. ವಿಷದ ಮಾತು ಅಲ್ಲಿಗೆ ಬಿಟ್ಟೆವು. ಭೂತಗನ್ನಡಿ ಹಿಡಿದು ಕಾಲಿನ ಸಂದು, ಕುತ್ತಿಗೆ ಹತ್ತಿರ ನುಸಿ ಇದೆಯಾ ಅಂತಲೂ ನೋಡಿದೆವು. ಇರಲಿಲ್ಲ.

ಚಳಿಗಾಲದ ನಿದ್ರೆ ಇರಬಹುದಾ ಅಂತ ಅವನೇ ಕೇಳಿದ. ಒಳ್ಳೆಯ ಪ್ರಶ್ನೆ. ಲಾಸಿಯಸ್ ನೈಗರ್ ಅಥವಾ ಕ್ಯಾಂಪೊನೋಟಸ್ ಲಿಗ್ನಿಪೆರ್ಡಾದಂಥ ಶೀತ ದೇಶದ ಜಾತಿಯಾಗಿದ್ದರೆ ನಾನು ಮೊದಲು ಕ್ಯಾಲೆಂಡರ್ ನೋಡುತ್ತಿದ್ದೆ. ಅವು ಶರತ್ಕಾಲ ಬಂದರೆ ಮೊಟ್ಟೆ ಇಡುವುದು ನಿಲ್ಲಿಸುತ್ತವೆ, ಊಟ ಬಿಡುತ್ತವೆ. ಕೋಣೆ ಬೆಚ್ಚಗಿದ್ದರೂ ಅಷ್ಟೇ. ಅವುಗಳ ಒಳಗೇ ಒಂದು ಗಡಿಯಾರ ಇದೆ. ಅವಕ್ಕೆ ಬೇಕಾದದ್ದು ಕೆಲವು ತಿಂಗಳ ತಣ್ಣನೆಯ ಕತ್ತಲೆ. ಊಟ ತೋರಿಸಿ ಒತ್ತಾಯಿಸಿದರೆ ಏನೂ ಗಿಟ್ಟುವುದಿಲ್ಲ. ನಿಕೋಬರೆನ್ಸಿಸ್ ಉಷ್ಣವಲಯದ್ದು. ಅದಕ್ಕೆ ಅಂಥ ನಿದ್ರೆ ಇಲ್ಲ.

ಹಾಗಾದರೆ ಮೊಟ್ಟೆ, ಮರಿಹುಳು ಎಲ್ಲಿ ಹೋದವು? ಊಟ ನಿಲ್ಲುವ ಮುಂಚೆ ಹತ್ತಿಪ್ಪತ್ತು ಇದ್ದವಂತೆ. ಅವುಗಳನ್ನು ಗೂಡಿನ ಇರುವೆಗಳೇ ತಿಂದಿದ್ದವು. ಕೇಳಲು ಹಿಂಸೆ ಅನಿಸುತ್ತದೆ, ಆದರೆ ಹಸಿವು ಅಥವಾ ಗಾಬರಿ ಮಿತಿ ಮೀರಿದಾಗ ಇರುವೆಗಳು ಸಾಮಾನ್ಯವಾಗಿ ಮಾಡುವುದು ಇದನ್ನೇ. ಸಾಕಲಾಗದ ಮರಿಗಳಿಂದ ಪ್ರೋಟೀನು ವಾಪಸ್ ಪಡೆಯುತ್ತವೆ. ಈ ಒಂದು ಸಂಗತಿ ಮುಂದೆ ಮುಖ್ಯವಾಯಿತು.

ಕೋಣೆಯಲ್ಲಿ ಕಂಡದ್ದು

ಫೋಟೊ ಸಾಲದು ಅಂತ ಹೋಗಿ ನೋಡಿದೆ. ಸಂಸಾರ ಮೊದಲು ಟೆಸ್ಟ್ ಟ್ಯೂಬಿನಲ್ಲಿ ಇತ್ತು. ಅಲ್ಲಿ ಚೆನ್ನಾಗಿಯೇ ತಿನ್ನುತ್ತಿತ್ತು. ಆಮೇಲೆ ಹುಡುಗ ಆಸೆಪಟ್ಟು ಅದನ್ನು ಒಂದು ದೊಡ್ಡ ಅಕ್ರಿಲಿಕ್ ಗೂಡಿಗೆ ಸಾಗಿಸಿದ್ದ. ಎಂಟು ಕೋಣೆ, ಮುಂದೆ ಊಟ ಇಡಲು ಅಂಗಳ, ನೂರಾರು ಇರುವೆಗಳಿಗೆ ಸಾಕಾಗುವಷ್ಟು ಜಾಗ. ಇವು ಒಂದು ಡಜನ್ ಜೀವಗಳು ಒಂದು ಮೂಲೆಯಲ್ಲಿ ಮುದುಡಿಕೊಂಡಿದ್ದವು. ಮೇಲಿನ ಮುಚ್ಚಳ ಪಾರದರ್ಶಕ. ಮೇಜಿನ ದೀಪ ನೇರ ಒಳಗೆ ಬೀಳುತ್ತಿತ್ತು.

ಗೂಡು ಇದ್ದದ್ದು ಓದುವ ಮೇಜಿನ ಮೇಲೆ, ಸ್ಪೀಕರಿನ ಪಕ್ಕ. ಗಾಳಿಯಲ್ಲಿ ಬರುವ ಶಬ್ದ ಇರುವೆಗಳಿಗೆ ಅಷ್ಟಾಗಿ ತಟ್ಟುವುದಿಲ್ಲ. ನೆಲದ ಕಂಪನ ಮಾತ್ರ ಕಾಲಿನಿಂದ ನೇರ ಒಳಗೆ ಹೋಗುತ್ತದೆ. ಕ್ಯಾಂಪೊನೋಟಸ್ ಕುಲದ ಮರಕೊರಕ ಇರುವೆಗಳು ಅಪಾಯ ಕಂಡಾಗ ದವಡೆ ಮತ್ತು ಹೊಟ್ಟೆಯನ್ನು ಮರಕ್ಕೆ ಬಡಿದು ಬೇರೆಯವಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಂಥ ಕುಲದ ಇರುವೆಗಳನ್ನು ಬೇಸ್ ಜೋರಾಗಿರುವ ಸ್ಪೀಕರಿನ ಪಕ್ಕ ಇಡುವುದು ಅಂದರೆ ದಿನವಿಡೀ ಬಾಗಿಲು ಬಡಿದಂತೆ. ನಾನು ಮೇಜಿನ ಮೇಲೆ ಬೆರಳಿಂದ ಒಮ್ಮೆ ಕುಟ್ಟಿದೆ. ಮೂಲೆಯಲ್ಲಿ ಕೂತಿದ್ದ ಇರುವೆಗಳೆಲ್ಲ ಒಟ್ಟಿಗೆ ಎದ್ದು ಓಡಾಡಿದವು. ಎರಡು ಇರುವೆ ಪ್ಯೂಪಾ ಕಚ್ಚಿಕೊಂಡು ಜಾಗ ಹುಡುಕತೊಡಗಿದವು.

ಥರ್ಮಾಮೀಟರ್ ಗೂಡಿನೊಳಗೆ 20 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಕೋಣೆಗೆ ಏಸಿ. ಈ ಜಾತಿಗೆ 24ರಿಂದ 28ರ ನಡುವೆ ಬೇಕು. ಇರುವೆ ತಣ್ಣನೆ ರಕ್ತದ ಪ್ರಾಣಿ. ಬಿಸಿ ಇಳಿದರೆ ಓಡಾಟ ಇಳಿಯುತ್ತದೆ, ಜೀರ್ಣ ನಿಧಾನವಾಗುತ್ತದೆ, ರಾಣಿ ಮೊಟ್ಟೆ ಕಡಿಮೆ ಮಾಡುತ್ತಾಳೆ. 20 ಡಿಗ್ರಿ ಇವುಗಳನ್ನು ಕೊಲ್ಲುವುದಿಲ್ಲ. ಸುಮ್ನೆ ಕೂರಿಸುತ್ತದೆ ಅಷ್ಟೇ.

ಕೊನೆಗೆ ನೀರು. ಗೂಡಿನ ಒಂದು ಬದಿಗೆ ಸ್ಪಂಜು ಇಟ್ಟು, ಅದಕ್ಕೆ ಸಿರಿಂಜಿನಿಂದ ನೀರು ಹಾಕುವ ವ್ಯವಸ್ಥೆ. ಸ್ಪಂಜು ಒಣಗಿ ರಸ್ಕಿನಂತೆ ಗಟ್ಟಿಯಾಗಿತ್ತು. "ನೀರು ಹಾಕಿದ್ದು ಯಾವಾಗ?" ಅಂದೆ. "ಸೇಬು, ಜೇನು ಇಡ್ತಿದ್ನಲ್ಲಣ್ಣಾ, ಅದರಲ್ಲೇ ನೀರಿರುತ್ತಲ್ವಾ?" ಅಂದ. ಜೇನಿನಲ್ಲಿ ನೀರು ನೂರಕ್ಕೆ ಹದಿನೇಳು ಹದಿನೆಂಟು ಪಾಲು ಮಾತ್ರ. ಉಳಿದದ್ದು ಬಹುಪಾಲು ಸಕ್ಕರೆ. ಬಾಯಾರಿದ ಪ್ರಾಣಿಗೆ ಅದು ನೀರಾಗುವುದಿಲ್ಲ. ಏಸಿ ಕೋಣೆಯಲ್ಲಿ ಕತ್ತರಿಸಿದ ಸೇಬಿನ ಮೇಲ್ಮೈ ಬಹಳ ಬೇಗ ಒಣಗುತ್ತದೆ.

ಮೊದಲ ಹನಿ

ಬೇರೆ ಏನನ್ನೂ ಮುಟ್ಟದೆ ಒಂದು ಹನಿ ಶುದ್ಧ ನೀರನ್ನು ಅಂಗಳದಲ್ಲಿ, ಗೂಡಿನ ಬಾಯಿಯ ಹತ್ತಿರ ಇಟ್ಟೆವು. ದೀಪ ಆರಿಸಿ, ಗೂಡಿನ ಮೇಲೆ ರಟ್ಟು ಮುಚ್ಚಿ, ದೂರ ಕೂತೆವು.

ಒಂದು ಇರುವೆ ಬಂತು. ಮೀಸೆಯ ತುದಿ ಹನಿಗೆ ತಗುಲಿತು. ನಿಂತುಬಿಟ್ಟಿತು. ದವಡೆ ಅಗಲಿಸಿ, ಬಾಯಿ ಹನಿಗೆ ಒತ್ತಿ, ಮೀಸೆಗಳನ್ನು ಹಿಂದಕ್ಕೆ ಮಡಚಿ ಕುಡಿಯತೊಡಗಿತು. ಬಹಳ ಹೊತ್ತು ಅಲುಗಾಡಲಿಲ್ಲ. ಹೊಟ್ಟೆಯ ಮೊದಲ ಎರಡು ಪಟ್ಟಿಗಳ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ ಮೂಡಿತು. ಆಮೇಲೆ ಎರಡನೆಯ ಗೆರೆ. ತಿರುಗಿ ಒಳಗೆ ಓಡಿತು. ಸ್ವಲ್ಪ ಹೊತ್ತಿಗೆ ಹನಿಯ ಸುತ್ತ ಐದು ತಲೆ. ಹುಡುಗ ಮೊಬೈಲ್ ಹಿಡಿದು ಎದ್ದ. ನಾನು ಕೂರಿಸಿದೆ.

ಊಟ ಬಿಟ್ಟ ಗೂಡಿಗೆ ಎಲ್ಲಕ್ಕಿಂತ ಮೊದಲು ಕೊಡಬೇಕಾದದ್ದು ನೀರು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಖರ್ಚಿಲ್ಲ, ಅಪಾಯ ಇಲ್ಲ, ಉತ್ತರ ಅಲ್ಲೇ ಸಿಗುತ್ತದೆ. ಹನಿ ಸಣ್ಣದಿರಲಿ, ಹರಡದಿರಲಿ. ಈಗಷ್ಟೇ ಹುಟ್ಟಿದ ಇರುವೆಗಳು ದೊಡ್ಡ ಹನಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ.

ವಾಪಸ್ ಟ್ಯೂಬಿಗೆ

ದೊಡ್ಡ ಗೂಡನ್ನು ಅಲ್ಲೇ ಸರಿಪಡಿಸಬಹುದಿತ್ತು. ಸ್ಪಂಜು ನೆನೆಸಿ, ಅರ್ಧ ಕೋಣೆಗಳನ್ನು ಹತ್ತಿಯಿಂದ ಮುಚ್ಚಿ. ಆದರೆ ಇಷ್ಟು ಚಿಕ್ಕ ಸಂಸಾರಕ್ಕೆ ಟೆಸ್ಟ್ ಟ್ಯೂಬೇ ವಾಸಿ ಅಂತ ನನ್ನ ಅಭಿಪ್ರಾಯ. ಅರ್ಧ ಟ್ಯೂಬಿಗೆ ನೀರು, ಅದಕ್ಕೆ ಬಿಗಿಯಾಗಿ ಹತ್ತಿ, ಉಳಿದದ್ದು ಮನೆ. ಹತ್ತಿ ಸದಾ ಒದ್ದೆ ಇರುತ್ತದೆ, ಬೇಕಾದಾಗ ಅದರಿಂದಲೇ ಕುಡಿಯುತ್ತವೆ. ಇಕ್ಕಟ್ಟಾಗಿದ್ದಷ್ಟೂ ಅವಕ್ಕೆ ಧೈರ್ಯ.

ಸಾಗಿಸುವಾಗ ಅಲುಗಿಸಿ ಸುರಿಯಬಾರದು. ಹೊಸ ಟ್ಯೂಬಿಗೆ ಅಲ್ಯುಮಿನಿಯಂ ಹಾಳೆ ಸುತ್ತಿ ಕತ್ತಲು ಮಾಡಿ ಅಂಗಳದಲ್ಲಿ ಮಲಗಿಸಿದೆವು. ಹಳೆಯ ಗೂಡಿನ ಮೇಲಿನ ರಟ್ಟು ತೆಗೆದೆವು. ಒಂದು ಕಡೆ ಬೆಳಕು, ಒಣ. ಇನ್ನೊಂದು ಕಡೆ ಕತ್ತಲೆ, ತೇವ. ಉಳಿದದ್ದು ಅವುಗಳ ತೀರ್ಮಾನ. ಕೆಲವೊಮ್ಮೆ ದಿನಗಟ್ಟಲೆ ಹಟ ಹಿಡಿಯುತ್ತವೆ. ಇವು ಆ ರಾತ್ರಿಯೇ ಹೊರಟವು. ಮೊದಲು ಪ್ಯೂಪಾ ಹೋದವು. ಆಮೇಲೆ ಒಂದು ಇರುವೆ ಇನ್ನೊಂದನ್ನು ದವಡೆ ಹಿಡಿದು ಎತ್ತಿತು. ಎತ್ತಿಸಿಕೊಂಡದ್ದು ಕೈಕಾಲು ಮಡಚಿ, ಉಂಡೆಯಾಗಿ, ಎತ್ತಿದವಳ ತಲೆಯ ಕೆಳಗೆ ಸುಮ್ಮನೆ ಜೋತುಬಿದ್ದಿತ್ತು. ಹುಡುಗ ಜಗಳ ಅಂದುಕೊಂಡು ಗಾಬರಿಯಾಗಿ ಫೋನ್ ಮಾಡಿದ. ಜಗಳವಲ್ಲ, ದಾರಿ ಗೊತ್ತಿಲ್ಲದವಳನ್ನು ಹೊತ್ತುಕೊಂಡು ಹೋಗುವುದು. ಜಗಳವಾಗಿದ್ದರೆ ಇಬ್ಬರೂ ಕಾಲು ಮೀಸೆ ಎಳೆದಾಡುತ್ತಿದ್ದರು.

ಟ್ಯೂಬನ್ನು ಸ್ಪೀಕರಿನಿಂದ ದೂರ, ಗೋಡೆ ಕಪಾಟಿನ ಒಳಗೆ ಇಟ್ಟೆವು. ಹೀಟಿಂಗ್ ಕೇಬಲ್ಲನ್ನು ಟ್ಯೂಬಿನ ಬಾಯಿ ಕಡೆಯ ತುದಿಗೆ ಮಾತ್ರ ತಾಗುವಂತೆ ಹಾಯಿಸಿ, ಅಲ್ಲಿ 27, ನೀರಿನ ಕಡೆ 23 ಡಿಗ್ರಿ ಆಸುಪಾಸು ಬರುವಂತೆ ಹೊಂದಿಸಿದೆವು. ನೀರಿನ ತುದಿಯನ್ನು ಬಿಸಿ ಮಾಡಬಾರದು. ಒಳಗಿನ ಗಾಳಿ ಹಿಗ್ಗಿ ನೀರನ್ನು ಹತ್ತಿಯ ಮೂಲಕ ದೂಡಿ ಮನೆಯೊಳಗೆ ನೆರೆ ತರುತ್ತದೆ. ಎರಡು ತುದಿಗೆ ಎರಡು ಬಿಸಿ ಇದ್ದರೆ ಎಲ್ಲಿ ಕೂರಬೇಕೆಂದು ಅವೇ ಆರಿಸಿಕೊಳ್ಳುತ್ತವೆ. ಎರಡನೆಯ ದಿನವೇ ರಾಣಿ ಬಿಸಿ ಕಡೆಗೆ ಸರಿದಿದ್ದಳು.

ಸಿಹಿ ಬಂತು, ಮಾಂಸ ಬರಲಿಲ್ಲ

ಜೇನು ನಿಲ್ಲಿಸಿ ಸಕ್ಕರೆ ನೀರು ಮಾಡಿಸಿದೆ. ಒಂದು ಪಾಲು ಸಕ್ಕರೆಗೆ ಮೂರು ಪಾಲು ನೀರು. ಸಿಹಿ ಹೆಚ್ಚಿದಷ್ಟೂ ಇರುವೆಗೆ ಲಾಭ, ಆದರೆ ದ್ರವ ಮಂದವಾದಷ್ಟೂ ಹೀರುವುದು ನಿಧಾನ. ಜೋಸೆನ್ಸ್, ಫರೀನಾ, ರೋಸೆಸ್ ಎಂಬ ಸಂಶೋಧಕರು 1998ರಲ್ಲಿ ಕ್ಯಾಂಪೊನೋಟಸ್ ಮಸ್ ಎಂಬ ಇರುವೆಯಲ್ಲಿ ಇದನ್ನು ಅಳೆದಿದ್ದರು. ಸಿಹಿ ಏರಿದಂತೆ ಹೀರುವ ವೇಗವೂ ಒಂದು ಮಟ್ಟದವರೆಗೆ ಏರಿ, ಆಮೇಲೆ ಇಳಿಯುತ್ತದೆ. ಗಟ್ಟಿ ಜೇನು ಆ ಮಟ್ಟಕ್ಕಿಂತ ಬಹಳ ಮೇಲೆ. ಹುಡುಗನ ಗೂಡಿನಲ್ಲಿ ಜೇನಿನ ಹನಿಯ ಮೇಲೆ ಹತ್ತಿಯ ಎಳೆ, ಕಸ ತಂದು ಹಾಕಿದ್ದವು. ಬೇಡ ಅಂತ ಮಣ್ಣು ಮುಚ್ಚಿದ್ದಾವೆ ಅಂದುಕೊಂಡಿದ್ದ. ಅಂಟು ಜಾಗವನ್ನು ಹಾಗೆ ಮುಚ್ಚುವುದು ಅವುಗಳ ಮಾಮೂಲಿ ಅಭ್ಯಾಸ. ಒಬ್ಬಳು ಅಲ್ಲಿ ಸತ್ತಿದ್ದಳಲ್ಲ.

ಸಕ್ಕರೆ ನೀರು ಇಟ್ಟ ದಿನ ಇಬ್ಬರು ಕುಡಿದರು. ಮರುದಿನ ಒಳಗಿದ್ದವುಗಳ ಹೊಟ್ಟೆಯಲ್ಲೂ ಗೆರೆ ಕಾಣಿಸಿತು. ಹೊರಗೆ ಬಂದದ್ದು ಇಬ್ಬರೇ ಆದರೂ ಕುಡಿದದ್ದು ಇಡೀ ಮನೆ. ಹೊಸಬರು ತಟ್ಟೆಯ ಹತ್ತಿರ ಎಷ್ಟು ಇರುವೆ ಬಂದವು ಅಂತ ಎಣಿಸುತ್ತಾರೆ. ಎಣಿಸಬೇಕಾದದ್ದು ಒಳಗಿನ ಗೆರೆಗಳನ್ನು.

ಇಷ್ಟಾದ ಮೇಲೆ ಹುಡುಗನಿಗೆ ಹುರುಪು. ಮೀಲ್‌ವರ್ಮ್ ಕತ್ತರಿಸಿ ಇಟ್ಟ. ಒಬ್ಬಳು ಅದನ್ನು ಎಳೆದುಕೊಂಡು ಹೋಗಿ ಕಸದ ಮೂಲೆಗೆ ಹಾಕಿದಳು. ಮತ್ತೆ ಫೋನ್. "ಇನ್ನೂ ಸರಿ ಹೋಗಿಲ್ಲ ಅಣ್ಣಾ."

ಸರಿ ಹೋಗಿತ್ತು. ಅದನ್ನು ತಿನ್ನುವವರು ಮನೆಯಲ್ಲಿ ಇರಲಿಲ್ಲ. ಬೆಳೆದ ಇರುವೆಯ ಸೊಂಟ ಬಹಳ ಸಣ್ಣದು, ಗಟ್ಟಿ ಪದಾರ್ಥ ಅದರೊಳಗೆ ದಾಟುವುದಿಲ್ಲ. ಹುಳುವನ್ನು ಅಗಿದು ರಸ ಹೀರಿ ಚರಟ ಬಿಸಾಡುತ್ತದೆ. ಓಡಾಡಲು ಅದಕ್ಕೆ ಬೇಕಾದದ್ದು ಸಕ್ಕರೆ. ಪ್ರೋಟೀನು ಬೇಕಾದದ್ದು ಬೆಳೆಯುವ ಮರಿಹುಳುಗಳಿಗೆ, ಮೊಟ್ಟೆ ಕಟ್ಟುವ ರಾಣಿಗೆ. ಪ್ಯೂಪಾ ಏನನ್ನೂ ತಿನ್ನುವುದಿಲ್ಲ. ಮರಿಹುಳುಗಳು ಇಲ್ಲದ ಮೇಲೆ ಹುಳು ಬೇಟೆಗೆ ಅರ್ಥವಿಲ್ಲ. ದುಸೂತೂರ್ ಮತ್ತು ಸಿಂಪ್ಸನ್ ಎಂಬ ವಿಜ್ಞಾನಿಗಳು ಇದರ ಬಗ್ಗೆ ಕೆಲಸ ಮಾಡಿದ್ದಾರೆ. ಪ್ರೋಟೀನನ್ನು ನಿಭಾಯಿಸುವುದರಲ್ಲಿ ಮರಿಹುಳುಗಳ ಪಾತ್ರವನ್ನು ಅವರು 2009ರಲ್ಲಿ ತೋರಿಸಿದರು. ಪ್ರೋಟೀನು ಜಾಸ್ತಿಯಾದ ಊಟದಲ್ಲಿ ಕೆಲಸಗಾರ ಇರುವೆಗಳು ಬೇಗ ಸಾಯುತ್ತವೆ ಎಂಬುದನ್ನು 2012ರಲ್ಲಿ ಲಾಸಿಯಸ್ ನೈಗರ್ ಮೇಲೆ ಪ್ರಕಟಿಸಿದರು. ಹಾಗಾಗಿ ಆ ಮೀಲ್‌ವರ್ಮ್ ಕಸಕ್ಕೆ ಹೋದದ್ದು ನನಗೆ ಸಮಾಧಾನದ ಸುದ್ದಿ. ಸಿಹಿ ಬೇಕು, ಮಾಂಸ ಬೇಡ ಎಂದು ಆರಿಸುವಷ್ಟು ಅವು ಚೇತರಿಸಿಕೊಂಡಿದ್ದವು.

ರಾಣಿ ಪ್ರೋಟೀನಿಲ್ಲದೆ ಮೊಟ್ಟೆ ಹೇಗೆ ಇಡುತ್ತಾಳೆ ಅಂತ ಕೇಳಬಹುದು. ಗೊದ್ದದ ಕುಲದ ರಾಣಿ ಮೊದಲ ಸಂಸಾರ ಕಟ್ಟುವುದೇ ಹಾಗೆ. ಹೊರಗೆ ಬರದೆ, ಏನೂ ತಿನ್ನದೆ, ರೆಕ್ಕೆಯ ಸ್ನಾಯು ಮತ್ತು ಕೊಬ್ಬು ಕರಗಿಸಿ. ಜೊತೆಗೆ ಈ ಕುಲದ ಇರುವೆಗಳ ಕರುಳಿನ ಜೀವಕೋಶಗಳಲ್ಲಿ ಬ್ಲಾಕ್‌ಮೇನಿಯಾ ಎಂಬ ಬ್ಯಾಕ್ಟೀರಿಯಾ ವಾಸವಾಗಿದೆ. ವ್ಯರ್ಥವಾಗುವ ಸಾರಜನಕದಿಂದ ಬೇಕಾದ ಅಮೈನೊ ಆಮ್ಲ ಮಾಡಿಕೊಡುತ್ತದೆ. ಶಾಶ್ವತವಾಗಿ ಅದರ ಮೇಲೇ ಬದುಕಲಾಗದು, ಆದರೆ ಕೆಲವು ವಾರ ಪ್ರೋಟೀನು ಮುಟ್ಟದಿದ್ದರೆ ಪ್ರಾಣ ಹೋಗುವುದಿಲ್ಲ.

ಕಾಯುವ ಕೆಲಸ

ಮುಂದಿನ ಆದೇಶ ಹುಡುಗನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ವಾರಕ್ಕೆ ಎರಡು ಸಲ ಮಾತ್ರ ಸಕ್ಕರೆ ನೀರು. ಹಾಕಿದ್ದನ್ನು ಒಂದೆರಡು ದಿನಕ್ಕೆ ತೆಗೆಯಬೇಕು, ಇಲ್ಲದಿದ್ದರೆ ಹುಳಿಯುತ್ತದೆ. ಹಾಳೆ ಸರಿಸಿ ಒಳಗೆ ನೋಡುವುದು ವಾರಕ್ಕೊಮ್ಮೆ. ಟಾರ್ಚ್ ಬೇಡ.

ನಾಲ್ಕರಲ್ಲಿ ಮೂರು ಪ್ಯೂಪಾ ಒಡೆದವು. ಕೋಶವನ್ನು ದೊಡ್ಡವೇ ಕಚ್ಚಿ ಬಿಡಿಸುತ್ತವೆ. ಹೊರಬಂದ ಹೊಸ ಇರುವೆಗಳು ತೆಳು ಬಣ್ಣದವು, ಮೈ ಮೆತ್ತಗೆ. ನಾಲ್ಕನೆಯದು ಕಪ್ಪಾಗಿ ಕಸಕ್ಕೆ ಹೋಯಿತು. ಅದಾದ ಸ್ವಲ್ಪ ದಿನಕ್ಕೆ ರಾಣಿಯ ಕೆಳಗೆ ಮೊಟ್ಟೆಯ ಸಣ್ಣ ಗೊಂಚಲು ಕಾಣಿಸಿತು. ಹುಡುಗ ಆಗಲೇ ಹುಳು ಕೊಡಲು ಹೊರಟ. ತಡೆದೆ. ಮೊಟ್ಟೆ ತಿನ್ನುವುದಿಲ್ಲ. ಈ ಬಿಸಿಯಲ್ಲಿ ಮೊಟ್ಟೆ ಮರಿಹುಳುವಾಗಲು ಸುಮಾರು ಎರಡು ವಾರ ಬೇಕು.

ಗೊಂಚಲಿನಲ್ಲಿ ಬಾಗಿದ, ಹೊಳೆಯುವ ಸಣ್ಣ ಹುಳುಗಳು ಕಂಡ ಮೇಲೆ ಒಂದು ಹಣ್ಣುನೊಣ ಕೊಡಿಸಿದೆ. ಸಾಕಿದ ನೊಣ, ಫ್ರೀಜರಿನಲ್ಲಿ ಸಾಯಿಸಿ, ಕುದಿಯುವ ನೀರಿನಲ್ಲಿ ಕ್ಷಣಕಾಲ ಅದ್ದಿ, ಹೊಟ್ಟೆ ಸೂಜಿಯಿಂದ ಚುಚ್ಚಿದ್ದು. ಅದ್ದುವುದು ನುಸಿ ಬಾರದಿರಲಿ ಅಂತ. ಚುಚ್ಚುವುದು ರಸದ ವಾಸನೆ ಹರಡಲಿ ಅಂತ. ಹೊರಗಿನ ಹುಳು ಬೇಡವೇ ಬೇಡ. ಇಡೀ ಮೀಲ್‌ವರ್ಮ್ ಈ ಸಂಸಾರಕ್ಕೆ ಗಾತ್ರದಲ್ಲೇ ಹೆದರಿಸುವಂಥದ್ದು.

ಈ ಸಲ ಬಂದವಳು ನೊಣವನ್ನು ಮೀಸೆಯಿಂದ ತಡವಿ ಹಿಂದೆ ಸರಿಯಲಿಲ್ಲ. ರೆಕ್ಕೆ ಕತ್ತರಿಸಿ ಅಲ್ಲೇ ಬಿಟ್ಟು, ಉಳಿದದ್ದನ್ನು ಹಿಂದಕ್ಕೆ ನಡೆಯುತ್ತಾ ಟ್ಯೂಬಿನೊಳಗೆ ಎಳೆದುಕೊಂಡು ಹೋದಳು. ಬಾಗಿಲಲ್ಲೇ ಇಬ್ಬರು ಸೇರಿಕೊಂಡರು. ಮರುದಿನ ಒಣ ಚಿಪ್ಪು ಮಾತ್ರ ಅಂಗಳದಲ್ಲಿ ಬಿದ್ದಿತ್ತು.

ಯಾವುದು ನಿಜವಾದ ಕಾರಣ ಅಂತ ಹುಡುಗ ಕೇಳಿದ. ನೀರು, ಬಿಸಿ, ಕತ್ತಲೆ, ಜಾಗ, ಸದ್ದು, ಎಲ್ಲವನ್ನೂ ಕೆಲವೇ ದಿನಗಳಲ್ಲಿ ಬದಲಾಯಿಸಿದ್ದೆವು. ಹಾಗಾಗಿ ಪಾಲು ಹಂಚಿ ಹೇಳಲು ಬರುವುದಿಲ್ಲ. ಒಂದೊಂದಾಗಿ ಪರೀಕ್ಷೆ ಮಾಡುತ್ತಾ ಕೂತಿದ್ದರೆ ಕಾರಣ ಸಿಗುತ್ತಿತ್ತು, ಇರುವೆ ಉಳಿಯುತ್ತಿರಲಿಲ್ಲ. ನೀರಿನ ಪರಿಣಾಮ ಮಾತ್ರ ಕಣ್ಣೆದುರೇ ನಡೆಯಿತು. ಬಿಸಿಯ ಪಾಲು ದೊಡ್ಡದು ಎಂಬುದು ನನ್ನ ಊಹೆ, ಯಾಕೆಂದರೆ ಮೊಟ್ಟೆ ಬಂದದ್ದು ಅದರ ನಂತರ.

ಈಗ ವಾರಕ್ಕೆ ಎರಡು ಮೂರು ನೊಣ, ಜೊತೆಗೆ ಸಕ್ಕರೆ ನೀರು. ನೊಣ ಕಸಕ್ಕೆ ಹೋದರೆ ಮುಂದಿನ ಸಲ ಕಡಿಮೆ. ಪೂರ್ತಿ ಮುಗಿದರೆ ಒಂದು ಜಾಸ್ತಿ. ಸೇಬನ್ನು ಇವತ್ತಿಗೂ ಮುಟ್ಟುವುದಿಲ್ಲ, ಅದರ ಗೊಡವೆಗೆ ಹೋಗಿಲ್ಲ. ಅಕ್ರಿಲಿಕ್ ಗೂಡು ತೊಳೆದು ಎತ್ತಿಟ್ಟಿದೆ. ಯಾವಾಗ ಸಾಗಿಸಲಿ ಅಂತ ಹುಡುಗ ಆಗಾಗ ಕೇಳುತ್ತಾನೆ. ಟ್ಯೂಬಿನಲ್ಲಿ ಕಾಲಿಡಲು ಜಾಗ ಇಲ್ಲದಷ್ಟು ತುಂಬಲಿ, ಆಗಲೂ ಎರಡು ಕೋಣೆ ಮಾತ್ರ ತೆರೆ ಅಂತ ಹೇಳಿದ್ದೇನೆ.